ಸಂದರ್ಶನಕ್ಕೆ ಹೋಗುವ ಮುಂಚೆ ಪಿಎಫ್ ಪುಟ ನೋಡಿ

"ನಮ್ಮ ಕಂಪನಿ ಬಗ್ಗೆ ಏನು ಗೊತ್ತು?" ಅಂತ ಕೇಳಿದ ಕೂಡಲೇ ಬಹಳ ಜನ ವೆಬ್‌ಸೈಟಿನ ಮೊದಲ ಪುಟವನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ. ಆ ಪುಟ ಬರೆದವರು ನಮ್ಮ ಮಾರ್ಕೆಟಿಂಗ್‌ನವರು. ಅದರಲ್ಲಿ ಎಷ್ಟು ನಿಜ, ಎಷ್ಟು ಒಗ್ಗರಣೆ ಅಂತ ಮೇಜಿನ ಈಚೆ ಕೂತ ನನಗೆ ಚೆನ್ನಾಗಿ ಗೊತ್ತು. ಅದನ್ನು ಐದು ನಿಮಿಷ ಓದಿದರೆ ಸಾಕು. ಅದೇ ಕಂಪನಿ ಸರ್ಕಾರಕ್ಕೆ ಬರೆದುಕೊಟ್ಟದ್ದನ್ನು ಅರ್ಧ ಗಂಟೆ ಕೂತು ಓದಿ.

ಮೊದಲು ಸಿಐಎನ್. 21 ಅಕ್ಷರ, ಅಂಕಿಗಳ ನೋಂದಣಿ ಸಂಖ್ಯೆ. 2013ರ ಕಂಪನಿ ಕಾಯ್ದೆ ಪ್ರಕಾರ ಇದು ಲೆಟರ್‌ಹೆಡ್ ಮೇಲೆ ಇರಲೇಬೇಕು. 'ಎಲ್'ನಿಂದ ಶುರುವಾದರೆ ಷೇರುಪೇಟೆಯಲ್ಲಿ ಲಿಸ್ಟ್ ಆದ ಕಂಪನಿ, 'ಯು' ಆದರೆ ಅಲ್ಲ. ಆಮೇಲೆ ರಾಜ್ಯದ ಗುರುತು, ಅದರ ಪಕ್ಕದಲ್ಲೇ ನೋಂದಣಿಯಾದ ವರ್ಷ. "ಇಪ್ಪತ್ತು ವರ್ಷದ ಅನುಭವ" ಅನ್ನುವವರ ಸಂಖ್ಯೆಯಲ್ಲಿ 2021 ಅಂತಿದ್ದರೆ ಸುಮ್ನೆ ಒಂದು ಮಾತು ಕೇಳಬಹುದು, ಅಲ್ವಾ? ಸುಳ್ಳೇ ಅಂತಲ್ಲ, ಹಳೇ ವ್ಯವಹಾರವನ್ನು ಹೊಸ ಕಂಪನಿ ಮಾಡಿಕೊಂಡಿರಬಹುದು. ಈ ಸಂಖ್ಯೆ ಹಿಡಿದು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಹುಡುಕಿದರೆ ಕಂಪನಿ ಚಾಲ್ತಿಯಲ್ಲಿದೆಯಾ, ಕೊನೆಯ ಬ್ಯಾಲೆನ್ಸ್ ಶೀಟ್ ಯಾವ ವರ್ಷದ್ದು ಅನ್ನುವುದು ಸಿಗುತ್ತದೆ. ಪಾಲುದಾರಿಕೆ ಸಂಸ್ಥೆಗಳಿಗೆ ಸಿಐಎನ್ ಇರುವುದಿಲ್ಲ, ಗಾಬರಿ ಬೇಡ.

ನಾನು ಜಾಸ್ತಿ ನಂಬುವುದು ಪಿಎಫ್ ಲೆಕ್ಕವನ್ನು. ಅದಕ್ಕೊಂದು ಕಾರಣವಿದೆ. ವೃತ್ತಿಯ ಶುರುವಿನಲ್ಲಿ ಒಂದು ಸಣ್ಣ ಕಂಪನಿ ಸೇರಿದ್ದೆ. ಗಾಜಿನ ಕಟ್ಟಡ, ಬಿಟ್ಟಿ ಕಾಫಿ, ಎಲ್ಲ ಇತ್ತು. ಸಂಬಳದಲ್ಲಿ ಪಿಎಫ್ ಹಿಡಿಯುತ್ತಿದ್ದರು, ಆದರೆ ಏಳು ತಿಂಗಳು ಖಾತೆಗೆ ಒಂದು ಪೈಸೆ ಬಿದ್ದಿರಲಿಲ್ಲ. ಆಮೇಲೆ ಸಂಬಳವೂ ನಿಂತಿತು. ಪಿಎಫ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಇಪಿಎಫ್‌ಒ. ಅದರ ಜಾಲತಾಣದಲ್ಲಿ ಕಂಪನಿಯ ಹೆಸರು ಹಾಕಿ ಹುಡುಕುವ ಸೌಲಭ್ಯವಿದೆ. ಯಾವ ತಿಂಗಳ ಹಣ ಯಾವತ್ತು ಕಟ್ಟಿದರು, ಎಷ್ಟು ಜನರಿಗೆ ಕಟ್ಟಿದರು, ಎರಡೂ ಕಾಣುತ್ತವೆ. ಕಟ್ಟಬೇಕಾದ ಗಡುವು ಮುಂದಿನ ತಿಂಗಳ 15. ಒಮ್ಮೆ ತಡವಾದರೆ ಪರವಾಗಿಲ್ಲ. ಪ್ರತಿ ತಿಂಗಳೂ ಎಳೆಯುತ್ತಿದ್ದರೆ ಅಲ್ಲಿ ಕೈಯಲ್ಲಿ ಕಾಸಿಲ್ಲ ಅಂತಲೇ ನಾನು ಲೆಕ್ಕ ಹಾಕುತ್ತೇನೆ. ಜನರ ಸಂಖ್ಯೆಯನ್ನೂ ಒಂದು ವರ್ಷದುದ್ದಕ್ಕೆ ನೋಡಿ. ಕಾಂಟ್ರಾಕ್ಟರ್ ಮೂಲಕ ಬಂದವರು ಅದರಲ್ಲಿ ಸೇರದೇ ಇರಬಹುದು. ಹಾಗಾಗಿ ಒಟ್ಟು ಎಷ್ಟು ಅನ್ನುವುದಕ್ಕಿಂತ ಏರುತ್ತಿದೆಯಾ, ಇಳಿಯುತ್ತಿದೆಯಾ ಅನ್ನುವುದು ಮುಖ್ಯ.

ದೊಡ್ಡ ಲಿಸ್ಟೆಡ್ ಕಂಪನಿಯಾದರೆ ಕೆಲಸ ಇನ್ನೂ ಸುಲಭ. ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಕಂಪನಿಗಳು ಪ್ರತಿ ವರ್ಷ ಬಿಆರ್‌ಎಸ್‌ಆರ್ ಅನ್ನುವ, ಅಂದರೆ ವ್ಯವಹಾರದ ಹೊಣೆಗಾರಿಕೆ ಮತ್ತು ಸುಸ್ಥಿರತೆಯ ವರದಿ ಕೊಡಲೇಬೇಕು. ಕಾಯಂ ನೌಕರರಲ್ಲಿ ಶೇಕಡಾ ಎಷ್ಟು ಜನ ಬಿಟ್ಟು ಹೋದರು ಅಂತ ಮೂರು ವರ್ಷದ ಅಂಕಿ ಅದರಲ್ಲಿರುತ್ತದೆ. ಗಂಡಸರು, ಹೆಂಗಸರದ್ದು ಬೇರೆ ಬೇರೆ. ಹೆಂಗಸರೇ ಜಾಸ್ತಿ ಬಿಡುತ್ತಿದ್ದರೆ ಯಾಕೆ ಅಂತ ಕೇಳಿ.

ಆನ್‌ಲೈನ್ ರಿವ್ಯೂಗಳನ್ನೂ ಓದಿ, ಆದರೆ ಸಿಟ್ಟಿನಲ್ಲಿ ಬಿಟ್ಟವರು ಬರೆದದ್ದು ಯಾವುದು, ಎಚ್‌ಆರ್ ಹೇಳಿ ಬರೆಸಿದ್ದು ಯಾವುದು ಅಂತ ಬಿಡಿಸುವುದು ಕಷ್ಟ.

ಸಿಕ್ಕ ಅಂಕಿಯನ್ನು ಹೋಗಿ ಮುಖಕ್ಕೆ ಹಿಡಿಯಬೇಡಿ. ಪ್ರಶ್ನೆ ಮಾಡಿಕೊಳ್ಳಿ. ಒಮ್ಮೆ ಒಬ್ಬ ಹುಡುಗಿ ಮೆಲ್ಲಗೆ ಕೇಳಿದಳು: "ಮಾರ್ಚ್‌ನಿಂದ ಜೂನ್ ಒಳಗೆ ನಿಮ್ಮಲ್ಲಿ ಮೂವತ್ತು ಜನ ಕಡಿಮೆಯಾಗಿದ್ದಾರೆ. ನಾನು ಸೇರುವ ಟೀಮಿನವರಾ ಸರ್?" ಹೌದು, ಅದೇ ಟೀಮು. ಒಂದು ಪ್ರಾಜೆಕ್ಟ್ ಕೈತಪ್ಪಿತ್ತು. ಇದ್ದದ್ದನ್ನು ಹೇಳಿದೆ. ಎರಡು ದಿನ ಟೈಮ್ ಕೇಳಿದಳು. ಮೂರನೇ ದಿನ ಫೋನ್ ಮಾಡಿ, ಬರುತ್ತೇನೆ, ಆದರೆ ಬೇರೆ ಟೀಮಿಗೆ ಅಂದಳು.