ಹಳೇ ಹೊಲಿಗೆ ಮಷಿನ್ ಸವೆದಿಲ್ಲ, ಎಣ್ಣೆ ಒಣಗಿದೆ

ಹಾಸನ, ಚಿಕ್ಕಮಗಳೂರು ಕಡೆಯ ಎಷ್ಟೋ ಹಳೇ ಮನೆಗಳ ಅಟ್ಟದಲ್ಲಿ ಒಂದು ಕಪ್ಪು ಹೊಲಿಗೆ ಮಷಿನ್ ಕೂತಿರುತ್ತದೆ. ಸಿಂಗರ್ ಇರಬಹುದು, ಉಷಾ ಇರಬಹುದು. ಕೇಳಿದರೆ "ಸವೆದುಹೋಗಿದೆ, ತಿರುಗಲ್ಲ" ಅಂತಾರೆ. ಅದನ್ನು ಗುಜರಿಗೆ ಹಾಕುವ ಮುಂಚೆ ದಯವಿಟ್ಟು ಸ್ವಲ್ಪ ತಾಳಿ. ಮನೆಯಲ್ಲಿ ಬಳಸಿದ ಮಷಿನ್ ಸವೆದು ನಿಲ್ಲುವುದು ಅಪರೂಪ. ಸಾಮಾನ್ಯವಾಗಿ ಅದು ನಿಂತಿರುವುದು ಒಳಗಿನ ಎಣ್ಣೆ ಒಣಗಿ ಅಂಟಾಗಿರುವುದರಿಂದ.

ಈ ಮಷಿನ್‌ನ ದೇಹ ಎರಕದ ಕಬ್ಬಿಣ. ಅದರಲ್ಲಿ ಕೊರೆದ ತೂತಿನೊಳಗೆ ಉಕ್ಕಿನ ಶಾಫ್ಟ್ ತಿರುಗುತ್ತದೆ. ಎರಡರ ನಡುವಿನ ಸಂದು ಕೂದಲೆಳೆಗಿಂತ ಕಿರಿದು. ಅಲ್ಲಿ ತೆಳ್ಳಗೆ ಎಣ್ಣೆ ಇದ್ದರೆ ಲೋಹಕ್ಕೆ ಲೋಹ ಉಜ್ಜುವುದಿಲ್ಲ, ದಶಕಗಟ್ಟಲೆ ಸವೆಯುವುದೂ ಇಲ್ಲ. ಆದರೆ ಅಷ್ಟು ಕಿರಿದಾದ ಜಾಗದಲ್ಲಿ ಎಣ್ಣೆಯೇ ಗಟ್ಟಿಯಾದರೆ ಕೈಚಕ್ರ ಅಲ್ಲಾಡುವುದಿಲ್ಲ.

ಅರಸೀಕೆರೆ ಕಡೆಯ ಒಬ್ಬ ಅಜ್ಜಿ ತಮ್ಮ ಮಷಿನ್ ತೋರಿಸುತ್ತಾ, "ವಾರ ವಾರ ಎಣ್ಣೆ ಬಿಡ್ತಿದ್ದೆ ಕಣಪ್ಪ, ಆದ್ರೂ ಬಿಗೀತು" ಅಂದರು. ಯಾವ ಎಣ್ಣೆ ಅಂತ ಕೇಳಿದೆ. "ಮನೇದೇ, ಕೊಬ್ಬರಿ ಎಣ್ಣೆ." ಕೊಬ್ಬರಿ ಮಾರುಕಟ್ಟೆಯ ಊರಲ್ಲಿ ಬೇರೆ ಎಣ್ಣೆಗೆ ಯಾರು ಹುಡುಕುತ್ತಾರೆ, ಅಲ್ವಾ? ಅವರು ಮಷಿನ್ ಚೆನ್ನಾಗಿರಲಿ ಅಂತಲೇ ಬಿಟ್ಟಿದ್ದು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ನಮ್ಮ ಕಡೆ ಡಿಸೆಂಬರ್, ಜನವರಿಯ ಬೆಳಗ್ಗೆ ಹವೆ 15 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ತಲೆಗೆ ಹಚ್ಚುವ ಎಣ್ಣೆಯನ್ನು ಬಿಸಿಲಿಗಿಡುವ ಆ ದಿನಗಳಲ್ಲಿ, ಮಷಿನ್ ಒಳಗಿನ ಎಣ್ಣೆಯೂ ಗಟ್ಟಿಯಾಗಿಯೇ ಇರುತ್ತದೆ. ಮೇಲಾಗಿ ವರ್ಷ ಕಳೆದಂತೆ ಅದು ಕಮಟಾಗುತ್ತದೆ. ಆಗ ಹುಟ್ಟುವ ಆಮ್ಲ ಲೋಹವನ್ನು ತಿನ್ನುತ್ತದೆ.

ಹುಚ್ಚೆಳ್ಳೆಣ್ಣೆ, ಸೂರ್ಯಕಾಂತಿ ಎಣ್ಣೆ ಇನ್ನೂ ಕೆಟ್ಟದ್ದು ಮಾಡುತ್ತವೆ. ಅವುಗಳ ಅಣುಗಳಲ್ಲಿ ಇಂಗಾಲದ ಜೋಡಿ ಬಂಧಗಳು ಜಾಸ್ತಿ. ಗಾಳಿಯ ಆಮ್ಲಜನಕ ಅಲ್ಲಿಗೆ ಬಂದು ಸೇರುತ್ತದೆ. ಹಾಗೆ ಸೇರುತ್ತಾ ಒಂದು ಅಣು ಇನ್ನೊಂದಕ್ಕೆ ಹೆಣೆದುಕೊಂಡು ದೊಡ್ಡ ಬಲೆಯಾಗುತ್ತದೆ. ಹರಿಯುತ್ತಿದ್ದ ಎಣ್ಣೆ ಮೊದಲು ಜಿಗುಟಾಗುತ್ತದೆ, ಆಮೇಲೆ ಕಂದು ಬಣ್ಣದ ಪದರವಾಗಿ ಕೂರುತ್ತದೆ. ಒಲೆ ಹಿಂದಿನ ಗೋಡೆ ಮೇಲೆ, ಎಣ್ಣೆ ಡಬ್ಬಿಯ ಹೊರಮೈ ಮೇಲೆ ಕೈಗೆ ಅಂಟುವುದು ಇದೇ. ಅಗಸೆ ಎಣ್ಣೆಯನ್ನು ಬಣ್ಣಕ್ಕೆ ಬೆರೆಸುತ್ತಿದ್ದುದು ಇದೇ ಗುಣಕ್ಕಾಗಿ. ಮರಕ್ಕೆ ಒಳ್ಳೆಯದಾದ ಈ ಗುಣ ಮಷಿನ್‌ಗೆ ಕೇಡು. ಹರಳೆಣ್ಣೆ ಹೀಗೆ ಒಣಗುವುದಿಲ್ಲ, ನಿಜ. ಆದರೆ ಅದು ಗಾಡಿಯ ಅಚ್ಚಿಗೆ ಸರಿಯಾದ ದಪ್ಪ, ಈ ಸಂದಿಗಲ್ಲ. ಅಂಗಡಿಯಲ್ಲಿ ಸಿಗುವ ಹೊಲಿಗೆ ಮಷಿನ್ ಎಣ್ಣೆ ಕಲ್ಲೆಣ್ಣೆಯಿಂದ ತೆಗೆದ ತಿಳಿ ಎಣ್ಣೆ. ಅದರಲ್ಲಿ ಇಂಥ ಜೋಡಿ ಬಂಧಗಳು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ತೆಳ್ಳಗಿರುವುದರಿಂದ ಸಂದಿಗೂ ಸಲೀಸಾಗಿ ಇಳಿಯುತ್ತದೆ.

ಇನ್ನು ಬಿಡಿಸುವುದು ಹೇಗೆ? ಮೊದಲು ಬಾಬಿನ್ ಕೇಸ್, ಅಂದರೆ ಅಡಿ ದಾರದ ಉರುಳೆ ಕೂರುವ ಡಬ್ಬಿ, ತೆಗೆದು ಒಳಗೆ ನೋಡಿ. ಎಷ್ಟೋ ಸಲ ಹಳೇ ದಾರದ ತುಂಡು ಅಲ್ಲಿ ಮೇಲಿನ ದಾರ ಹಿಡಿಯುವ ಮೊನೆಯಿರುವ ಭಾಗಕ್ಕೆ, ಅಂದರೆ ಶಟಲ್‌ಗೆ ಸುತ್ತಿಕೊಂಡಿರುತ್ತದೆ, ಅಷ್ಟೇ. ಅದಲ್ಲದಿದ್ದರೆ ಮೇಲಿನ ತೂತುಗಳಿಗೆ, ಸೂಜಿ ಕಡೆಯ ಮುಖದ ತಗಡು ಬಿಚ್ಚಿ ಒಳಗೆ, ಮಷಿನ್ ಮಲಗಿಸಿ ಅಡಿಯಲ್ಲಿ, ಲೋಹ ಲೋಹಕ್ಕೆ ಸೋಕುವ ಕಡೆಯೆಲ್ಲ ಒಂದೆರಡು ಹನಿ ಸೀಮೆಎಣ್ಣೆ ಬಿಡಿ. ರಾತ್ರಿ ಹಾಗೇ ಇರಲಿ. ಬೆಳಗ್ಗೆ ಕೈಚಕ್ರವನ್ನು ಮೆಲ್ಲಗೆ ಹಿಂದೆ ಮುಂದೆ ಅಲ್ಲಾಡಿಸಿ. ತಲೆಗೂದಲು ಒಣಗಿಸುವ ಡ್ರೈಯರ್ ಇದ್ದರೆ ಸೀಮೆಎಣ್ಣೆ ಹಾಕುವ ಮೊದಲೇ ಬಿಸಿ ಗಾಳಿ ಹಿಡಿಯಿರಿ, ಅಂಟು ಮೆತ್ತಗಾಗುತ್ತದೆ. ಸೀಮೆಎಣ್ಣೆ ಹಾಕಿದ ಮೇಲೆ ಮಾತ್ರ ಬಿಸಿಯೂ ಬೇಡ, ದೀಪವೂ ಬೇಡ. ಕಿಟಕಿ ತೆರೆದಿರಲಿ. ಮೋಟರ್ ಜೋಡಿಸಿದ್ದರೆ ಅದನ್ನು ಬಿಚ್ಚಿ ದೂರ ಇಡಿ. ಅದರ ಹಳೇ ವೈರನ್ನು ಎಲೆಕ್ಟ್ರಿಷಿಯನ್ ನೋಡದೆ ಪ್ಲಗ್‌ಗೆ ಹಾಕಬೇಡಿ.

ಬಲ ಹಾಕಬೇಡಿ ಅನ್ನುವುದನ್ನು ನಾನು ಒತ್ತಿ ಹೇಳುತ್ತೇನೆ. ಅಂಟಿನಿಂದ ಬಿಗಿದ ಚಕ್ರ ಚೂರು ಬಗ್ಗಿದಂತೆ ಮಾಡಿ ವಾಪಸ್ ಬರುತ್ತದೆ. ಒಂದು ದಿನ ಒಂದಿಂಚು, ಮಾರನೇ ದಿನ ಕಾಲು ಸುತ್ತು, ಹೀಗೆ ಬಿಡುತ್ತದೆ. ಪೂರ್ತಿ ತಿರುಗಿದ ಮೇಲೆ ಕಂದು ಕೊಳೆ ಹೊರಗೆ ಬರುತ್ತದೆ, ಒರೆಸುತ್ತಾ ಹೋಗಿ. ಸೀಮೆಎಣ್ಣೆ ಅಂಟನ್ನು ಕರಗಿಸುತ್ತದೆ, ಆದರೆ ಲೋಹದ ಮೇಲಿದ್ದ ರಕ್ಷಣೆಯನ್ನೂ ತೊಳೆದುಬಿಡುತ್ತದೆ. ಅದಕ್ಕೇ ಒರೆಸಿದ ಕೂಡಲೇ ಮಷಿನ್ ಎಣ್ಣೆ ಹಾಕಬೇಕು.

ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆಯ ಮಷಿನ್‌ಗಳ ಕಷ್ಟ ಬೇರೆ. ಅಲ್ಲಿ ತುಕ್ಕು. ಗಾಳಿಯ ತೇವ ಶೇಕಡ 60-70 ದಾಟಿದರೆ ಕಣ್ಣಿಗೆ ಕಾಣದ ನೀರಿನ ಪದರ ಕಬ್ಬಿಣದ ಮೇಲೆ ಕೂರುತ್ತದೆ, ತುಕ್ಕು ಚುರುಕಾಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ತೇವ ಅದಕ್ಕಿಂತ ಕೆಳಗೆ ಇಳಿಯುವುದೇ ಕಡಿಮೆ. ಕಬ್ಬಿಣ ತುಕ್ಕಾದಾಗ ಅದರ ಗಾತ್ರ ಎರಡು ಪಟ್ಟಿಗೂ ಜಾಸ್ತಿಯಾಗುತ್ತದೆ. ಹಾಗಾಗಿಯೇ ತುಕ್ಕು ಹಿಡಿದ ಸ್ಕ್ರೂ ತನ್ನ ತೂತಿನಲ್ಲೇ ಸಿಕ್ಕಿಕೊಳ್ಳುವುದು. ಎಣ್ಣೆ ಬಿಟ್ಟು ಕಾಯಿರಿ. ಸ್ಕ್ರೂ ತಲೆಯ ಸೀಳಿಗೆ ಸರಿಯಾಗಿ ತುಂಬುವ ಸ್ಕ್ರೂಡ್ರೈವರ್ ಮಾತ್ರ ಬಳಸಿ. ಹೊಳೆಯುವ ಭಾಗಗಳಿಗೆ ಉಪ್ಪುಕಾಗದ ಮುಟ್ಟಿಸಬೇಡಿ. ಮೇಲಿನ ನಿಕಲ್ ಲೇಪನ ಹೋದರೆ ಮುಂದಿನ ಮಳೆಗಾಲಕ್ಕೆ ಅದೇ ಜಾಗ ಕೆಂಪಾಗುತ್ತದೆ.

ಕಪ್ಪು ಬಣ್ಣದ ಮೇಲಿನ ಬಂಗಾರದ ಬಳ್ಳಿ ಚಿತ್ತಾರ ಉಳಿಸಿಕೊಳ್ಳಬೇಕಾದ ಆಸ್ತಿ. ಹಳೇ ಸಿಂಗರ್‌ಗಳಲ್ಲಿ ಅದರ ಮೇಲೆ ಅರಗಿನ ತಿಳಿ ಲೇಪ ಇರುತ್ತದೆ. ಅರಗು ಸ್ಪಿರಿಟ್‌ನಲ್ಲಿ ಕರಗುತ್ತದೆ. ಸ್ಯಾನಿಟೈಸರ್ ಹಾಕಿ ಒರೆಸಿದರೆ ಚಿತ್ತಾರ ಬಟ್ಟೆಗೇ ಬಂದುಬಿಡುತ್ತದೆ. ಮಷಿನ್ ಎಣ್ಣೆಯಲ್ಲಿ ಅದ್ದಿದ ಹತ್ತಿಯೇ ಸಾಕು.

ಚಕ್ರ ಬಿಟ್ಟ ಮೇಲೆ ಒಮ್ಮೆ ಸೂಜಿ ತಟ್ಟೆಯ ಮುಚ್ಚಳ ಸರಿಸಿ, ಕೈಯಲ್ಲೇ ನಿಧಾನವಾಗಿ ತಿರುಗಿಸಿ ನೋಡಿ. ಸೂಜಿ ತಳ ಮುಟ್ಟಿ ಸುಮಾರು 2 ಮಿಲಿಮೀಟರ್ ಮೇಲೇಳುತ್ತದೆ. ದಾರ ಅದರ ಜೊತೆ ಮೇಲೆ ಬರಬೇಕು, ಆದರೆ ಬಟ್ಟೆ ಅದನ್ನು ಹಿಡಿದಿಟ್ಟಿದೆ. ಸೂಜಿಯ ಒಂದು ಬದಿಯಲ್ಲಿ ಉದ್ದ ಗೆರೆ ಇದೆ, ಅಲ್ಲಿ ದಾರ ಅಡಗಿ ಸಲೀಸಾಗಿ ಜಾರುತ್ತದೆ. ಇನ್ನೊಂದು ಬದಿಯಲ್ಲಿ ಉಜ್ಜಾಟ ಜಾಸ್ತಿ, ದಾರ ಅಲ್ಲಿ ಉಬ್ಬಿ ಸಣ್ಣ ಕುಣಿಕೆಯಾಗುತ್ತದೆ. ಸರಿಯಾಗಿ ಆ ಗಳಿಗೆಗೆ ಶಟಲ್‌ನ ಮೊನೆ ಬಂದು ಕುಣಿಕೆಯೊಳಗೆ ತೂರಿ, ಅದನ್ನು ಬಾಬಿನ್ ಸುತ್ತ ದಾಟಿಸುತ್ತದೆ. ಎಲಿಯಾಸ್ ಹೋವ್ 1846ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು ಕಣ್ಣು ಮೊನೆಯಲ್ಲಿರುವ ಸೂಜಿ ಮತ್ತು ಎರಡು ದಾರದ ಇಂಥ ಹೊಲಿಗೆಗೇ. ಐಸಾಕ್ ಸಿಂಗರ್ ಪೇಟೆಂಟ್ 1851ರದ್ದು. ಯಂತ್ರಗಳ ಹುಚ್ಚನ್ನು ವಿರೋಧಿಸಿದ ಗಾಂಧೀಜಿ 1924ರಲ್ಲಿ ಸಿಂಗರ್ ಹೊಲಿಗೆ ಮಷಿನ್‌ಗೆ ವಿನಾಯಿತಿ ಕೊಟ್ಟಿದ್ದರು. ಈ ಕುಣಿಕೆಯನ್ನು ಕಣ್ಣಾರೆ ನೋಡಿದಾಗಲೆಲ್ಲ ನನಗೆ ಅವರ ಮಾತು ಸರಿ ಅನ್ನಿಸುತ್ತದೆ.

ಇದು ಗೊತ್ತಿದ್ದರೆ ಅರ್ಧ ರಿಪೇರಿ ನೀವೇ ಮಾಡಬಹುದು. ಹೊಲಿಗೆ ಬಿಟ್ಟು ಬಿಟ್ಟು ಬೀಳುತ್ತಿದೆಯಾ? ಸೂಜಿ ಬಗ್ಗಿದೆ, ಇಲ್ಲವೇ ತಿರುಗಾಮುರುಗಾ ಕೂತಿದೆ, ಕುಣಿಕೆ ಮೊನೆಗೆ ಸಿಗುತ್ತಿಲ್ಲ. ಉದ್ದ ಗೆರೆ ಇರುವ ಕಡೆಯಿಂದಲೇ ದಾರ ಪೋಣಿಸಬೇಕು. ಬಟ್ಟೆ ಅಡಿಯಲ್ಲಿ ದಾರ ಗೂಡು ಕಟ್ಟುತ್ತಿದ್ದರೆ ಎಲ್ಲರೂ ಬಾಬಿನ್ ಮೇಲೆ ತಪ್ಪು ಹೊರಿಸುತ್ತಾರೆ. ಸಾಮಾನ್ಯವಾಗಿ ಅದು ಮೇಲಿನ ದಾರದ ತಪ್ಪು. ಟೆನ್ಷನ್ ಬಿಲ್ಲೆಗಳ ನಡುವೆ ಹಳೇ ನೂಲಿನ ಜುಂಗು ಸಿಕ್ಕಿ, ದಾರಕ್ಕೆ ಹಿಡಿತ ಸಿಗುತ್ತಿಲ್ಲ. ಬಟ್ಟೆಯ ಅಂಚನ್ನು ಬಿಲ್ಲೆಗಳ ನಡುವೆ ಎಳೆದಾಡಿ ಜುಂಗು ತೆಗೆಯಿರಿ. ಬಾಬಿನ್ ಕೇಸನ್ನು ಅದರ ದಾರದಲ್ಲೇ ನೇತುಹಾಕಿ. ಸುಮ್ನೆ ಹಿಡಿದರೆ ನಿಲ್ಲಬೇಕು, ಕೈ ಜಗ್ಗಿದರೆ ತುಸು ಇಳಿಯಬೇಕು.

ಬಾಬಿನ್ ದಾರ ಸರಿಯಿದ್ದೂ ಪೆಡಲ್ ತುಳಿದಾಗ ಚಕ್ರ ಜಾರಿದರೆ ಚರ್ಮದ ಬೆಲ್ಟು ಸಡಿಲಾಗಿದೆ. ಮಳೆಗಾಲದ ತೇವಕ್ಕೆ ಅದು ಹಿಗ್ಗುತ್ತದೆ. ತುದಿಯಲ್ಲಿ ಚೂರು ಕತ್ತರಿಸಿ ಕೊಕ್ಕೆ ಹಾಕಿದರೆ ಸರಿಹೋಗುತ್ತದೆ. ಒಮ್ಮೆಲೇ ಜಾಸ್ತಿ ಕತ್ತರಿಸಬೇಡಿ, ಬೇಸಿಗೆಯಲ್ಲಿ ಅದು ಮತ್ತೆ ಬಿಗಿಯಾಗುತ್ತದೆ. ಎಣ್ಣೆ ಹಾಕಿದ ದಿನ ಒಳ್ಳೆ ಬಟ್ಟೆ ಹೊಲಿಯುವುದು ಬೇಡ. ಮೊದಲು ಹಳೇ ಲುಂಗಿಯ ತುಂಡಿನ ಮೇಲೆ ಒಂದಷ್ಟು ಗೆರೆ ಓಡಿಸಿ, ಎಣ್ಣೆ ಕಲೆ ಬೀಳುವುದು ನಿಲ್ಲಲಿ.