ಫೈರ್‌ವಾಲ್ ದಾಟಿಸುವ ವೈರಿಂಗ್: ಡ್ರಿಲ್ ಎತ್ತುವ ಮುಂಚೆ

ಎಂಜಿನ್ ಹಿಂದಿನ ತಗಡಿನ ಗೋಡೆ ದಾಟಿಸಿ ವೈರು ಎಳೆಯುವ ಕೆಲಸವನ್ನು ನಮ್ಮಲ್ಲಿ ಹೆಚ್ಚಿನವರು ಡ್ರಿಲ್ ಹಿಡಿದುಕೊಂಡೇ ಶುರು ಮಾಡುತ್ತಾರೆ. ನಾನೂ ಹಾಗೇ ಮಾಡಿದ್ದೆ. ಮಂಡ್ಯದ ಶೆಡ್ಡಿನಲ್ಲಿ ಹಳೇ ಕಾರ್ಬುರೇಟರ್ ಮಾರುತಿ 800 ಒಂದಕ್ಕೆ ಎಂಪಿಎಫ್‌ಐ (ಕಂಪ್ಯೂಟರ್ ಹೇಳಿದಂತೆ ಇಂಜೆಕ್ಟರ್‌ಗಳು ಪೆಟ್ರೋಲ್ ಚಿಮ್ಮಿಸುವ) ಎಂಜಿನ್ ಕೂರಿಸುತ್ತಿದ್ದೆವು. ನಾನು ಗುರುತು ಹಾಕಿ ಡ್ರಿಲ್ ಎತ್ತಿದ್ದೇ ತಡ, ಕೆಲಸ ಕಲಿಸುವ ಅಣ್ಣ ಗದರಿದರು: "ಲೋ, ತೂತ ಆಮೇಲ್ ಕೊರಿವಂತೆ ಕಣ್ಲಾ. ಆ ಕಡೆ ಏನದೆ ಮೊದ್ಲು ನೋಡ್ಲಾ." ಡ್ಯಾಶ್‌ಬೋರ್ಡ್ ಕೆಳಗೆ ತಲೆ ತೂರಿಸಿ ನೋಡಿದೆ. ಗುರುತಿನ ನೇರಕ್ಕೇ ಹಳೇ ವೈರಿಂಗಿನ ದಪ್ಪ ಕಟ್ಟು ಹಾದುಹೋಗಿತ್ತು.

(ಎಂಜಿನ್ ಬದಲಿಸಲು ಆರ್‌ಟಿಓ ಒಪ್ಪಿಗೆ ಬೇಕು, ಆರ್‌ಸಿಯಲ್ಲೂ ಬರಬೇಕು. ಅದು ಮಾಲೀಕರ ತಲೆನೋವು, ಆದರೂ ಕೇಳಿಯೇ ಕೈ ಹಾಕಿ.)

ಫೈರ್‌ವಾಲ್ ಅಂದರೆ ಎಂಜಿನ್‌ಗೂ ನಾವು ಕೂರುವ ಜಾಗಕ್ಕೂ ನಡುವಿನ ತಗಡಿನ ಗೋಡೆ. ಬಿಸಿ, ಹೊಗೆ, ನೀರು, ಬೆಂಕಿ ಒಳಗೆ ಬರದಂತೆ ತಡೆಯುವುದೇ ಅದರ ಕೆಲಸ. ಹಾಗಾಗಿ ಕಂಪನಿಯೇ ಬಿಟ್ಟಿರುವ ತೂತು ಇದೆಯಾ ಅಂತ ಮೊದಲು ಹುಡುಕಿ. ಎಷ್ಟೋ ಗಾಡಿಗಳಲ್ಲಿ ರಬ್ಬರ್ ಬಿರಡೆ ಹಾಕಿ ಮುಚ್ಚಿದ ತೂತು ಸಿಗುತ್ತದೆ. ನಮ್ಮ ಗಾಡಿಗಳಲ್ಲಿ ಬಲಗಡೆ ಸ್ಟೀರಿಂಗ್ ರಾಡು, ಪೆಡಲು, ಬ್ರೇಕು ಅಂತ ಗಿಜಿಗಿಜಿ. ಎಡಗಡೆ, ಗ್ಲೋವ್ ಬಾಕ್ಸ್ ಹಿಂದೆ, ಸಾಮಾನ್ಯವಾಗಿ ಕೈಯಾಡಿಸಲು ಜಾಗ ಇರುತ್ತದೆ.

ಈಗ ತೂತಿನ ಅಳತೆ. ಇಸಿಯು, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್ ಡಬ್ಬಿ, ಡ್ಯಾಶ್‌ಬೋರ್ಡ್ ಕೆಳಗೆ ಕೂರುವುದಾದರೆ ಅದರ ಅಷ್ಟಗಲದ ಕನೆಕ್ಟರ್ ಗೋಡೆ ದಾಟಬೇಕಾಗೇ ಇಲ್ಲ. ಹಾರ್ನೆಸ್ಸನ್ನು, ಅಂದರೆ ವೈರುಗಳ ಕಟ್ಟನ್ನು, ಒಳಗಿನಿಂದ ಹೊರಕ್ಕೆ ತಳ್ಳಿ. ಇಂಜೆಕ್ಟರ್, ಸೆನ್ಸರ್‌ಗಳ ಸಣ್ಣ ಕನೆಕ್ಟರ್‌ಗಳು ಒಂದರ ಹಿಂದೆ ಒಂದು ದಾಟಲಿ, ಗುಂಪಾಗಿ ಬೇಡ. ಇದು ಗೊತ್ತಿಲ್ಲದೆ ನಾನು ಇಸಿಯು ಕನೆಕ್ಟರ್ ಅಳತೆಗೆ ತೂತು ಹಾಕಲು ಹೊರಟಿದ್ದೆ! ಎಂಜಿನ್ ಕಡೆ ಒಂದು ಕನೆಕ್ಟರ್ ಮಾತ್ರ ದಪ್ಪ ಇದ್ದರೆ ಅದರ ಪಿನ್ನುಗಳನ್ನು ಬಿಚ್ಚಿ ದಾಟಿಸಿ, ಆ ಕಡೆ ಮತ್ತೆ ಹಾಕಿ. ಬಿಚ್ಚುವ ಮುಂಚೆ ಫೋಟೋ ತೆಗೆಯಿರಿ, ಯಾವ ಬಣ್ಣದ ವೈರು ಎಷ್ಟನೇ ಪಿನ್ನು ಅಂತ ಬರೆದುಕೊಳ್ಳಿ. ನೆನಪಿರುತ್ತೆ ಬಿಡು ಅಂದುಕೊಂಡರೆ ಕೆಟ್ಟಿರಿ.

ಕಟ್ಟಿನ ದಪ್ಪ ಅಳೆಯಲು ಒಂದು ದಾರ ಸಾಕು. ಬಿಗಿಯಾಗಿ ಒಂದು ಸುತ್ತು ಸುತ್ತಿ, ಉದ್ದ ಅಳೆದು 3.14ರಿಂದ ಭಾಗಿಸಿ. ನಮ್ಮದು 75 ಮಿ.ಮೀ. ಬಂತು, ಅಂದರೆ ದಪ್ಪ ಸುಮಾರು 24. ಇಷ್ಟಕ್ಕೇ ಡ್ರಿಲ್ ಎತ್ತಬೇಡಿ. ಮೊದಲು ಗ್ರಾಮೆಟ್ ಕೊಂಡು ತನ್ನಿ. ಗ್ರಾಮೆಟ್ ಅಂದರೆ ತೂತಿನ ಅಂಚಿಗೆ ಕೂರುವ ರಬ್ಬರ್ ಬಳೆ. ತೂತು ಅದರ ಸುತ್ತ ಇರುವ, ತಗಡಿನ ಅಂಚು ಕೂರುವ ತೋಡಿನ ಅಳತೆಗೆ ಇರಬೇಕು, ಹೊರ ಅಂಚಿನ ಅಳತೆಗೆ ಅಲ್ಲ. ಇಲ್ಲಿ ತಪ್ಪಿದರೆ ಗ್ರಾಮೆಟ್ ಲೊಡಲೊಡ ಆಡುತ್ತದೆ. ಒಳಗಡೆ ಅಂಟಿಸಿರುವ ಸೌಂಡ್ ಮ್ಯಾಟನ್ನು ತೂತಿನ ಸುತ್ತ ಕತ್ತರಿಸಿ ತೆಗೆಯಿರಿ. ಇಲ್ಲದಿದ್ದರೆ ಗ್ರಾಮೆಟ್ಟಿನ ತೋಡು ತಗಡನ್ನು ಕಚ್ಚುವುದೇ ಇಲ್ಲ.

ಕೊರೆದ ಮೇಲೆ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಬೇಡಿ, ಬ್ಲೇಡಿನ ಹಾಗಿರುತ್ತದೆ. ಎರಡೂ ಕಡೆ ಅರ ಹಾಕಿ ನುಣುಪು ಮಾಡಿ. ಬರಿ ತಗಡಿಗೆ ಪ್ರೈಮರ್ ಹಚ್ಚಿ, ಇಲ್ಲದಿದ್ದರೆ ಎರಡು ಮಳೆಗಾಲದಲ್ಲಿ ತುಕ್ಕು. ಗ್ರಾಮೆಟ್ ಕೂರಿಸಲು ಸೋಪಿನ ನೀರು ಸಾಕು. ಗ್ರೀಸ್ ಬೇಡ, ಎಷ್ಟೋ ರಬ್ಬರ್ ಗ್ರೀಸಿಗೆ ಊದಿಕೊಂಡು ಮೆತ್ತಗಾಗುತ್ತದೆ. ಸಂದಿಗೆ ಸಿಲಿಕಾನ್ ತುಂಬುವವರು ವಿನೆಗರ್ ವಾಸನೆ ಬರುವುದನ್ನು ಬಿಡಿ. ಅದರ ಆಸಿಡ್ಡು ತಾಮ್ರವನ್ನು ತಿನ್ನುತ್ತದೆ.

ಎಲ್ಲಕ್ಕಿಂತ ಜಾಸ್ತಿ ತಪ್ಪಾಗುವುದು ಇಲ್ಲಿ: ಹಾರ್ನೆಸ್ಸಿನ ಭಾರ ಗ್ರಾಮೆಟ್ ಮೇಲೆ ಬೀಳಬಾರದು. ಎರಡೂ ಕಡೆ ಗೇಣುದ್ದದೊಳಗೆ ಒಂದೊಂದು ಕ್ಲಿಪ್ ಹಾಕಿ ಗಾಡಿಯ ತಗಡಿಗೆ ಹಿಡಿಸಿ. ಎಂಜಿನ್ ತನ್ನ ರಬ್ಬರ್ ಮೌಂಟಿಂಗ್ ಮೇಲೆ ಅಲ್ಲಾಡುತ್ತದೆ, ಗೋಡೆ ಅಲ್ಲಾಡಲ್ಲ, ಅಲ್ವಾ? ಆ ಕ್ಲಿಪ್ಪಿಗೂ ಎಂಜಿನ್‌ಗೂ ನಡುವೆ ವೈರು ಸ್ವಲ್ಪ ಸಡಿಲ ಇರಲಿ. ಎಂಜಿನ್ ಕಡೆ ವೈರು ತೂತಿಗಿಂತ ಕೆಳಗಿಳಿದು, ಆಮೇಲೆ ಮೇಲೇರಿ ಒಳಗೆ ಹೋಗಲಿ. ಆಗ ಮಳೆ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಹರಿಯಲ್ಲ. ಸೈಲೆನ್ಸರ್ ಪೈಪಿನಿಂದ ದೂರ ಇಡಿ. ಎಂಜಿನ್ ಸುತ್ತುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ವೈರನ್ನು ಇಗ್ನಿಷನ್ ಕಾಯಿಲ್ ವೈರಿನ ಜೊತೆ ಸೇರಿಸಿ ಕಟ್ಟಬೇಡಿ.

ಬ್ಯಾಟರಿಯಿಂದ ನೇರ ಬರುವ ವೈರಿನ ಫ್ಯೂಸು ಬ್ಯಾಟರಿ ಪಕ್ಕದಲ್ಲೇ ಇರಲಿ. ಕ್ಯಾಬಿನ್ ಒಳಗೆ ಇಟ್ಟರೆ, ವೈರು ಗೋಡೆಯ ಅಂಚಿಗೆ ಉಜ್ಜಿ ಶಾರ್ಟ್ ಆದಾಗ ಫ್ಯೂಸು ಸುಮ್ನೆ ಕೂತಿರುತ್ತದೆ, ವೈರು ಹೊತ್ತಿಕೊಳ್ಳುತ್ತದೆ.

ಹಳೇ ಸಾಮಾನು ಬಿಚ್ಚಿ ಖಾಲಿಯಾದ ತೂತುಗಳನ್ನೂ ಮುಚ್ಚಿ. ಕಬ್ಬಿನ ಗದ್ದೆ ಪಕ್ಕ ಗಾಡಿ ನಿಲ್ಲಿಸುವ ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಲಿಗೆ ಒಂದು ಹೆಬ್ಬೆಟ್ಟಿನಷ್ಟು ಸಂದಿ ಸಿಕ್ಕರೆ ಸಾಕು.

ಕೊನೆಗೆ ಕತ್ತಲಾದ ಮೇಲೆ ಬಾನೆಟ್ ಒಳಗೆ ಟಾರ್ಚ್ ಹಚ್ಚಿಟ್ಟು, ನೀವು ಡ್ಯಾಶ್‌ಬೋರ್ಡ್ ಕೆಳಗೆ ಮಲಗಿ ಮೇಲೆ ನೋಡಿ. ನಮ್ಮ 800ರಲ್ಲಿ ಹೊಸ ಗ್ರಾಮೆಟ್ ಸುತ್ತ ಒಂದು ಚುಕ್ಕಿ ಬೆಳಕೂ ಇರಲಿಲ್ಲ. ನಾನು ಹಿಗ್ಗಿಹೋದೆ. ಅಷ್ಟರಲ್ಲಿ ಅಣ್ಣ ಕ್ಲಚ್ ಪೆಡಲ್ ಕಡೆ ಬೆರಳು ತೋರಿಸಿದರು. ಅಲ್ಲೊಂದು ಹಳೇ ಬೋಲ್ಟಿನ ತೂತಿನಿಂದ ಬೆಳಕು ಸೀದಾ ಮುಖಕ್ಕೆ ಬೀಳುತ್ತಿತ್ತು.