ಸ್ಟೇಡಿಯಂ ಹೆಸರು ಮಾರಿದ್ರೆ ಒಂದ್ಕಡೆ ಎಲ್ರೂ ಸುಮ್ನೆ, ಇನ್ನೊಂದ್ಕಡೆ ರಂಪ, ಯಾಕೆ?

ಪ್ರಶ್ನೆ: ಲಂಡನ್‌ನ ಫುಟ್‌ಬಾಲ್ ಕ್ಲಬ್ ಆರ್ಸೆನಲ್‌ನ ಸ್ಟೇಡಿಯಂಗೆ ಎಮಿರೇಟ್ಸ್ ಅಂತ ವಿಮಾನ ಕಂಪನಿ ಹೆಸರಿದೆ, ಯಾರೂ ತಲೆ ಕೆಡಿಸ್ಕೊಳ್ಳಲ್ಲ. ಇಂಗ್ಲೆಂಡಿನದೇ ಇನ್ನೊಂದು ಕ್ಲಬ್ ನ್ಯೂಕಾಸಲ್‌ನಲ್ಲಿ ಮಾತ್ರ ದೊಡ್ಡ ಗಲಾಟೆ ಆಯ್ತಂತೆ. ಎರಡೂ ಹೆಸರು ಮಾರಿದ್ದೇ ತಾನೇ?

ಅಲ್ಲ ಮಾರಾಯ್ರೆ, ವ್ಯತ್ಯಾಸ ಇರೋದೇ ಅಲ್ಲಿ. ಆರ್ಸೆನಲ್‌ನವ್ರು 1913ರಿಂದ ಆಡ್ತಿದ್ದ ಹೈಬರಿ ಮೈದಾನ ಬಿಟ್ಟು 2006ರಲ್ಲಿ ಹೊಸ ಸ್ಟೇಡಿಯಂಗೆ ಹೋದ್ರು, ಎಮಿರೇಟ್ಸ್ ಜೊತೆ ಒಪ್ಪಂದ 2004ರಲ್ಲೇ ಆಗಿತ್ತು, ಜೆರ್ಸಿ ಸ್ಪಾನ್ಸರ್‌ಶಿಪ್ಪೂ ಸೇರಿ ಸುಮಾರು 10 ಕೋಟಿ ಪೌಂಡ್. ಆ ಕಟ್ಟಡಕ್ಕೆ ಹಳೇ ಹೆಸರೇ ಇರ್ಲಿಲ್ವಲ್ಲ, ಅಳಿಸೋಕೆ ಏನಿತ್ತು? ಜನ ಹೈಬರಿಗೆ ಅತ್ರು, ಹೆಸರಿಗಲ್ಲ.

ನ್ಯೂಕಾಸಲ್ ಕಥೆ ಬೇರೆ. ಸೇಂಟ್ ಜೇಮ್ಸ್ ಪಾರ್ಕ್‌ನಲ್ಲಿ ಕ್ಲಬ್ 1892ರಿಂದ ಆಡ್ತಿದೆ, ಊರಿನ ನಡುಮಧ್ಯ ಇರೋ ಮೈದಾನ. 2011ರ ನವೆಂಬರ್‌ನಲ್ಲಿ ಮಾಲೀಕ ಮೈಕ್ ಆಶ್ಲಿ ಅದಕ್ಕೆ ಸ್ಪೋರ್ಟ್ಸ್ ಡೈರೆಕ್ಟ್ ಅರೀನಾ ಅಂತ ಹೆಸರಿಟ್ರು, ಅದು ಅವರದೇ ಅಂಗಡಿ ಕಂಪನಿ! ಬೇರೆ ಸ್ಪಾನ್ಸರ್ ಬರ್ಲಿ ಅಂತ ಸ್ಯಾಂಪಲ್ ತೋರಿಸ್ತಿದೀವಿ ಅನ್ನೋ ವಾದ ಬೇರೆ, ಅಂದ್ರೆ ಮಾರಾಟಾನೂ ಆಗಿಲ್ಲ, ಕ್ಲಬ್‌ಗೆ ದುಡ್ಡೂ ಬಂದಿಲ್ಲ, ಹೆಸರು ಮಾತ್ರ ಹೋಯ್ತು. ಜನ ಉರಿದುಬಿದ್ರು, ಗೋಡೆ ಮೇಲೆ ಹಳೇ ಹೆಸರನ್ನ ಪೇಂಟ್‌ನಲ್ಲಿ ಬರೆದ್ರು. ಮಜಾ ಏನಂದ್ರೆ 2012ರ ಅಕ್ಟೋಬರ್‌ನಲ್ಲಿ ವೊಂಗಾ ಅನ್ನೋ ಕಂಪನಿ ಹೆಸರಿನ ಹಕ್ಕು ತಗೊಂಡು ವಾಪಸ್ ಸೇಂಟ್ ಜೇಮ್ಸ್ ಪಾರ್ಕ್ ಅಂತಾನೇ ಇಟ್ಬಿಡ್ತು. ಆ ವೊಂಗಾ ವಿಪರೀತ ಬಡ್ಡಿಗೆ ಕೈಸಾಲ ಕೊಡ್ತಿದ್ದ ಕಂಪನಿ, ಅದಕ್ಕೂ ಸಾಕಷ್ಟು ಬೈಗುಳ ಬಿತ್ತು ಬಿಡಿ, ಆದ್ರೆ ಜನರ ಮನಸ್ಸು ಎಲ್ಲಿದೆ ಅಂತ ಅವ್ರಿಗೆ ಚೆನ್ನಾಗೇ ಗೊತ್ತಿತ್ತು.

ಹೆಸರು ಕೊಂಡು ಜನರಿಗೆ ವಾಪಸ್ ಕೊಡೋ ಈ ಐಡಿಯಾ ಜರ್ಮನಿಯಲ್ಲೂ ನಡೆದಿದೆ. ಹ್ಯಾಂಬರ್ಗ್‌ನ ಫೋಕ್ಸ್‌ಪಾರ್ಕ್ ಸ್ಟೇಡಿಯಂ 2001ರಿಂದ ಎಒಎಲ್ ಅರೀನಾ, ಆಮೇಲೆ ಒಂದು ಬ್ಯಾಂಕಿನ ಹೆಸರು, ಆಮೇಲೆ ಇಮ್‌ಟೆಕ್ ಅರೀನಾ, ಹೀಗೆ ಬೋರ್ಡ್ ಬದಲಾಗ್ತಾನೇ ಇತ್ತು, ಕೊನೆಗೆ 2015ರಲ್ಲಿ ಉದ್ಯಮಿ ಕ್ಲಾಸ್-ಮಿಖಾಯೆಲ್ ಕ್ಯೂನೆ ಹಕ್ಕು ಕೊಂಡು ಹಳೇ ಹೆಸರು ತಂದ್ರು. ನ್ಯೂರೆಂಬರ್ಗ್‌ನಲ್ಲಿ 2017ರಲ್ಲಿ ಒಂದು ಬ್ಯಾಂಕು ದುಡ್ಡು ಹಾಕ್ತು, ಅಭಿಮಾನಿಗಳೂ ಚಂದಾ ಕೊಟ್ರು, ಸ್ಟೇಡಿಯಂಗೆ ಮ್ಯಾಕ್ಸ್ ಮೊರ್ಲಾಕ್ ಹೆಸರು ಬಂತು, 1954ರ ವಿಶ್ವಕಪ್ ಫೈನಲ್‌ನಲ್ಲಿ ಜರ್ಮನಿಯ ಮೊದಲ ಗೋಲು ಹೊಡೆದವ್ರು ಅವ್ರು. ನನಗಂತೂ ಎಲ್ಲಾ ಡೀಲ್‌ಗಳಲ್ಲಿ ದುಡ್ಡು ಹಾಕಿದವ್ರಿಗೆ ಜಾಸ್ತಿ ಲಾಭ ಆಗಿದ್ದು ಇದ್ರಲ್ಲೇ ಅನ್ಸುತ್ತೆ, ಬೋರ್ಡ್ ಮೇಲೆ ಆ ಬ್ಯಾಂಕಿನ ಹೆಸರೇ ಇಲ್ದಿದ್ರೂ.

ಹಾಗಂತ ಹಳೇ ಮೈದಾನದಲ್ಲಿ ಯಾವತ್ತೂ ಒಪ್ಪಲ್ಲ ಅಂತೇನಿಲ್ಲ. ಜರ್ಮನಿಯದೇ ಡಾರ್ಟ್‌ಮುಂಡ್ ಕ್ಲಬ್ 2005ರಲ್ಲಿ ದಿವಾಳಿ ಅಂಚಿಗೆ ಬಂದು ವೆಸ್ಟ್‌ಫಾಲೆನ್ ಸ್ಟೇಡಿಯಂನ ಹೆಸರನ್ನ ಇನ್ಶೂರೆನ್ಸ್ ಕಂಪನಿಗೆ ಮಾರಿ ಸಿಗ್ನಲ್ ಇಡೂನಾ ಪಾರ್ಕ್ ಮಾಡ್ತು. ಕ್ಲಬ್ ಉಳೀಬೇಕಿತ್ತು, ಜನ ನುಂಗ್ಕೊಂಡ್ರು, ಆದ್ರೂ ಹಳಬರ ಬಾಯಲ್ಲಿ ಇವತ್ತಿಗೂ ವೆಸ್ಟ್‌ಫಾಲೆನೇ.

ಮಧ್ಯದ ದಾರಿ ಅಂದ್ರೆ ಸ್ಪೇನ್‌ನ ಬಾರ್ಸಿಲೋನಾ ಕ್ಲಬ್ ತರ ಕ್ಯಾಂಪ್ ನೌ ಅನ್ನೋ ಹಳೇ ಹೆಸರಿನ ಮುಂದೆ ಹಾಡಿನ ಆ್ಯಪ್ ಸ್ಪಾಟಿಫೈ ಹೆಸರು ಅಂಟಿಸೋದು, 2022ರಲ್ಲಿ ಮಾಡಿದ್ದು. ನಮ್ಮ ಮೆಟ್ರೋದಲ್ಲಿ ಬಯೋಕಾನ್ ಹೆಬ್ಬಗೋಡಿ ಅಂತ ಇಟ್ಟಿರೋದೂ ಇದೇ ಲೆಕ್ಕ, ಜನ ಹೇಳೋದು ಮಾತ್ರ ಬರೀ ಹೆಬ್ಬಗೋಡಿ.

ಅದಕ್ಕೇ ಕ್ಲಬ್‌ಗಳು ಈಗ ಕಟ್ಟಡ ಮುಗಿಯೋ ಮುಂಚೇನೇ ಗಿರಾಕಿ ಹುಡುಕ್ತಾರೆ. ಲಂಡನ್‌ನ ಇನ್ನೊಂದು ಕ್ಲಬ್ ಟಾಟನ್‌ಹ್ಯಾಮ್ 2019ರಲ್ಲಿ ಸ್ಟೇಡಿಯಂ ತೆರೆದು ವರ್ಷಗಟ್ಟಲೆ ಕಾದ್ರೂ ಗಿರಾಕಿ ಕುದುರ್ಲಿಲ್ಲ, ಅಷ್ಟರಲ್ಲಿ ಜನ ಟಾಟನ್‌ಹ್ಯಾಮ್ ಹಾಟ್ಸ್‌ಪರ್ ಸ್ಟೇಡಿಯಂ ಅಂತಾನೇ ರೂಢಿ ಮಾಡ್ಕೊಂಡ್ರು, ಇನ್ಮೇಲೆ ಬರೋ ಕಂಪನಿ ಆ ರೂಢಿ ಮುರಿಯೋಕೂ ಸೇರಿಸಿ ದುಡ್ಡು ಕೊಡ್ಬೇಕು.